ಹೀಟ್ ಪಂಪ್: ಅಂಗಡಿಯವರು ಹೇಳದ ಲೆಕ್ಕ

ಮಾನ್ಯ ಸಂಪಾದಕರೇ,

ಸ್ನಾನದ ನೀರು ಕಾಯಿಸುವ ಹೀಟ್ ಪಂಪ್‌ಗಳ ಮಾತು ಈಗ ನಮ್ಮ ಕಲಬುರಗಿ, ಬೀದರ್ ಭಾಗದಲ್ಲೂ ಕೇಳಿಬರುತ್ತಿದೆ. ಗೀಸರ್‌ಗೆ ಬೇಕಾಗುವ ಕರೆಂಟಿನ ಮೂರನೇ ಒಂದು ಪಾಲು ಸಾಕೆಂಬ ಪ್ರಚಾರ ಸುಳ್ಳಲ್ಲ. ಆದರೆ ಹೊರಗಿನ ಗಾಳಿ ಎಷ್ಟು ಡಿಗ್ರಿ ಇದ್ದಾಗ, ನೀರನ್ನು ಎಷ್ಟು ಡಿಗ್ರಿಗೆ ಕಾಯಿಸಿ ಅಳೆದ ಲೆಕ್ಕ ಅದು ಎಂಬುದನ್ನು ಹೇಳದಿದ್ದರೆ, ಎರಡು ಯಂತ್ರಗಳನ್ನು ಹೋಲಿಸಿ ಕೊಳ್ಳಲು ಗ್ರಾಹಕನಿಗೆ ಸಾಧ್ಯವಾಗುವುದಿಲ್ಲ.

ಗೀಸರ್‌ನಲ್ಲಿ ಕಾಯಿಲ್ ಕಾದು ನೀರು ಬಿಸಿಯಾಗುತ್ತದೆ. ಹೀಟ್ ಪಂಪ್ ಕಂಪ್ರೆಸರ್‌ನ ನೆರವಿನಿಂದ ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಎಳೆದು ನೀರಿಗೆ ಸೇರಿಸುತ್ತದೆ. 100 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ಏರಿಸಲು ಗೀಸರ್‌ಗೆ ಸುಮಾರು 3 ಯೂನಿಟ್ ಬೇಕಾದರೆ, ಸಿಒಪಿ (ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಸಿಗುತ್ತದೆ ಎಂಬ ಲೆಕ್ಕ) 3 ಇರುವ ಹೀಟ್ ಪಂಪ್‌ಗೆ ಸುಮಾರು 1 ಯೂನಿಟ್ ಸಾಕು. ಆದರೆ ಗಾಳಿ ತಣ್ಣಗಾದಷ್ಟೂ, ನೀರನ್ನು ಹೆಚ್ಚು ಕಾಯಿಸಿದಷ್ಟೂ ಈ ಸಿಒಪಿ ಇಳಿಯುತ್ತದೆ. ಡಿಸೆಂಬರ್‌ನಲ್ಲಿ ಬೀದರ್‌ನ ನಸುಕಿನ ಚಳಿಗೂ ಕಲಬುರಗಿಯ ಮಧ್ಯಾಹ್ನದ 30 ಡಿಗ್ರಿ ಆಸುಪಾಸಿನ ಬಿಸಿಲಿಗೂ ಇರುವ ಅಂತರವನ್ನು ನೆನೆದರೆ, ಯಂತ್ರವನ್ನು ಮಧ್ಯಾಹ್ನ ನಡೆಸಿ, ಕಾದ ನೀರನ್ನು ಮರುದಿನ ಬೆಳಗಿನವರೆಗೆ ಟ್ಯಾಂಕಿನಲ್ಲಿ ಉಳಿಸಿಕೊಳ್ಳುವುದೇ ಲಾಭ. ಹೀಗಾಗಿ ಟ್ಯಾಂಕು ರಾತ್ರಿಯಿಡೀ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನೂ ಕೇಳಲೇಬೇಕು. ಟ್ಯಾಂಕುಳ್ಳ ಗೀಸರ್‌ಗಳ ಮೇಲಿನ ಸ್ಟಾರ್‌ಗಳು ಹೇಳುವುದೂ ಇದನ್ನೇ. ಐದು ಸ್ಟಾರ್ ಇದ್ದ ಮಾತ್ರಕ್ಕೆ ಆ 3 ಯೂನಿಟ್ ಕಡಿಮೆಯಾಗುವುದಿಲ್ಲ.

ಹೀಟ್ ಪಂಪ್‌ನ ಹಲವು ಮಾದರಿಗಳಲ್ಲಿ ನೀರು ಬೇಗ ಕಾಯಲೆಂದು ಒಳಗೊಂದು ಸಾದಾ ಕಾಯಿಲ್ ಕೂಡ ಇರುತ್ತದೆ. ಅದು ತಾನಾಗಿಯೇ ಚಾಲೂ ಆಗುವಂತಿದ್ದರೆ ಉಳಿತಾಯ ಬಹುಮಟ್ಟಿಗೆ ಅಲ್ಲಿಯೇ ಸೋರಿಹೋಗುತ್ತದೆ. ನಮ್ಮ ಬೋರ್‌ವೆಲ್‌ಗಳ ಗಡಸು ನೀರಿಗೆ, ಶಾಖ ಕೊಡುವ ಕೊಳವೆಯನ್ನು ನೀರಿನೊಳಗೆ ಮುಳುಗಿಸಿದ ಮಾದರಿಗಿಂತ ಟ್ಯಾಂಕಿನ ಹೊರಮೈಗೆ ಸುತ್ತಿದ ಮಾದರಿ ವಾಸಿ. ಕೊಳವೆಯ ಮೇಲೆ ಸುಣ್ಣ ಕಟ್ಟುವ ಕಾಟ ಅದರಲ್ಲಿಲ್ಲ.

ಇಷ್ಟಾದರೂ ಎಲ್ಲ ಮನೆಗಳಿಗೂ ಇದು ಬೇಕೆಂದು ನಾನು ಹೇಳಲಾರೆ. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಮೈ ಸುಡುವಂತಿರುತ್ತದೆ. ನಮಗೆ ಕಾಯಿಸಿದ ನೀರು ನಿಜವಾಗಿ ಬೇಕಾಗುವುದು ನಾಲ್ಕು ತಿಂಗಳು. ದಿನಕ್ಕೆ 2 ಯೂನಿಟ್ ಉಳಿದರೆ 120 ದಿನಕ್ಕೆ 240 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 1,440 ರೂಪಾಯಿ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಗೆ ಅದೂ ಕೈಗೆ ಹತ್ತುವುದಿಲ್ಲ. ಗೀಸರ್‌ಗಿಂತ ಹಲವು ಪಟ್ಟು ಬೆಲೆಯ ಯಂತ್ರ ಇಷ್ಟರಲ್ಲಿ ಅಸಲು ಹುಟ್ಟಿಸಬೇಕಾದರೆ ಬಹಳ ವರ್ಷ ಹಿಡಿಯುತ್ತದೆ. ಸ್ವಂತ ಮಾಳಿಗೆ ಇದ್ದವರಿಗೆ ಸೋಲಾರ್ ಹೀಟರೇ ಮೇಲು. ದೊಡ್ಡ ಕೂಡು ಕುಟುಂಬ, ಹಾಸ್ಟೆಲ್, ಲಾಡ್ಜ್, ನರ್ಸಿಂಗ್ ಹೋಮ್‌ಗಳ ಮಾತು ಬೇರೆ. ಅಲ್ಲಿ ಹೀಟ್ ಪಂಪ್ ಬೇಗ ಅಸಲು ತೀರಿಸೀತು.

ಆದ್ದರಿಂದ ಮಾರಾಟಗಾರರು ಪ್ರತಿ ಮಾದರಿಯ ಪಕ್ಕದಲ್ಲಿ 15 ಮತ್ತು 30 ಡಿಗ್ರಿ ಹವೆಯಲ್ಲಿನ ಸಿಒಪಿ, ಟ್ಯಾಂಕಿನ ಶಾಖ ನಷ್ಟ ಮತ್ತು ರಿಪೇರಿ ಮಾಡುವವರು ಊರಲ್ಲೇ ಇದ್ದಾರೆಯೇ ಅಥವಾ ಹೈದರಾಬಾದಿನಿಂದ ಬರಬೇಕೇ ಎಂಬುದನ್ನು ಬರೆದು ಹಾಕಬೇಕೆಂದೂ, ಜೆಸ್ಕಾಂ ತನ್ನ ಬಿಲ್ ಪಾವತಿ ಕೇಂದ್ರಗಳಲ್ಲಿ ಇಂಥ ಹೋಲಿಕೆಯ ಫಲಕವೊಂದನ್ನು ಇಡಬೇಕೆಂದೂ ಕೋರುತ್ತೇನೆ.

– ಓರ್ವ ಗ್ರಾಹಕ, ಕಲಬುರಗಿ