ಸ್ಯಾಂಪಲ್ ತೆಗೆದದ್ದು ಜುಲೈಯಲ್ಲಿ

ಪ್ರೀತಿಯ ಸುರೇಶ,

ನಿಮ್ಮೂರಿನ ಕಾರ್ಖಾನೆಯ ಹತ್ತಿರದ ನೀರಿನ ಪರೀಕ್ಷೆಯ ವರದಿ ಓದಿದೆ. "ವಿಜ್ಞಾನಿಗಳೇ ತೊಂದರೆ ಇಲ್ಲ ಅಂದಮೇಲೆ ನಾವೇನು ಹೇಳೋದು?" ಅಂತ ನೀನು ಅಂದಿದ್ದೆ ಅಲ್ವಾ? ನನಗೆ ಪಡ್ರೆ ನೆನಪಾಯಿತು.

ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಊರು ಅದು. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಬಿಟ್ಟರು. ಮದ್ದು ಬಿಡುವ ಮೊದಲು ನೀರಿನ ಜಾಗ ಮುಚ್ಚಿಡಬೇಕು ಅಂತ ನಿಯಮ. ಅಲ್ಲಿಯವರು ಕುಡಿಯುವುದು ಗುಡ್ಡ ಕೊರೆದು ಮಾಡಿದ ಸುರಂಗದ ನೀರು, ತೋಡಿನ (ಸಣ್ಣ ಹಳ್ಳದ) ನೀರು. ತೋಡಿಗೆ ಮುಚ್ಚಳ ಎಲ್ಲಿಂದ ತರೋದು ಮಾರಾಯ?

ಕಾಲು ಸೊಟ್ಟಗಿದ್ದ ಕರುಗಳು ಹುಟ್ಟಿದ್ದನ್ನು ಪತ್ರಕರ್ತ ಶ್ರೀ ಪಡ್ರೆ ಬಹಳ ಹಿಂದೆಯೇ ಬರೆದರು. ಆಮೇಲೆ ಊರಿನ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್, ಒಂದೇ ಕಡೆ ಇಷ್ಟೊಂದು ಕಾಯಿಲೆ ಯಾಕೆ ಅಂತ ಕೇಳತೊಡಗಿದರು. 2001ರಲ್ಲಿ ಪರಿಸರದ ಬಗ್ಗೆ ಅಧ್ಯಯನ ಮಾಡುವ ದಿಲ್ಲಿಯ ಸಿಎಸ್‌ಇ ಸಂಸ್ಥೆಗೆ ಜನರ ರಕ್ತದಲ್ಲೇ ಎಂಡೋಸಲ್ಫಾನ್ ಸಿಕ್ಕಿತು. ಕಾರ್ಪೊರೇಶನ್ ಇನ್ನೊಂದು ಪರೀಕ್ಷೆ ಮಾಡಿಸಿತು. ಅದರಲ್ಲಿ ಹೆದರುವಂಥದ್ದೇನೂ ಇಲ್ಲ ಅಂತ ಬಂತು! ಅಹಮದಾಬಾದಿನ ಸರ್ಕಾರಿ ಸಂಸ್ಥೆಯೊಂದು ಇಲ್ಲಿಯ 117 ಹುಡುಗರನ್ನು ಮದ್ದು ಬೀಳದ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿತು. ಇಲ್ಲಿಯವರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಆದರೂ ಕೇಂದ್ರ ಸರ್ಕಾರದ ದುಬೆ ಸಮಿತಿ ಹೇಳಿದ್ದು, ಕಾಯಿಲೆಗೂ ಮದ್ದಿಗೂ ಸಂಬಂಧ ಸಾಬೀತಾಗಿಲ್ಲ ಅಂತ.

ಊರಿನ ಪ್ರತಿ ಕಾಯಿಲೆಗೂ ಅದೇ ಕಾರಣ ಅಂತ ನಾನೂ ಹೇಳುವುದಿಲ್ಲ. ಆದರೆ "ಸಾಬೀತಾಗಿಲ್ಲ" ಅನ್ನುವುದು ಕಡತದಿಂದ ಕಡತಕ್ಕೆ ಹೋಗುತ್ತಾ "ಹಾನಿ ಇಲ್ಲ" ಅಂತಾಗಿಬಿಡುತ್ತದೆ. ಕೋರ್ಟಿನಲ್ಲಿ ಸಂಶಯದ ಲಾಭ ಆರೋಪಿಗೆ ಸಿಗುತ್ತದೆ. ಇಲ್ಲಿ ಅದು ಡಬ್ಬಿಯೊಳಗಿನ ವಿಷಕ್ಕೆ ಸಿಕ್ಕಿತು. ಎಂಡೋಸಲ್ಫಾನ್ ತಯಾರಿಸುವುದರಲ್ಲಿ ನಮ್ಮ ದೇಶವೇ ಮುಂದಿತ್ತು ಅನ್ನೋದನ್ನೂ ಮರೀಬೇಡ. ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಆ ಹುಡುಗರೆಲ್ಲ ದೊಡ್ಡವರಾಗಿದ್ದರು. ನಮ್ಮ ಬೆಳ್ತಂಗಡಿ ಕಡೆಯ ಕೊಕ್ಕಡದಲ್ಲೂ ಇದೇ ಗೋಳು, ಅದನ್ನು ಸಿಕ್ಕಾಗ ಹೇಳುತ್ತೇನೆ.

ಈಗ ನಿನ್ನ ವರದಿ. ಕೊನೆಯ ಪುಟದ ಸಣ್ಣ ಅಕ್ಷರ ನೋಡಿದೆಯಾ? ನೀರಿನ ಸ್ಯಾಂಪಲ್ ತೆಗೆದದ್ದು ಜುಲೈಯಲ್ಲಿ, ತೋಡು ದಡ ಮೀರಿ ಹರಿಯುವಾಗ. ಆ ನೀರಿನಲ್ಲಿ ಏನು ತಾನೇ ಉಳಿದೀತು? ಏಪ್ರಿಲಿನಲ್ಲಿ ಇನ್ನೊಮ್ಮೆ ತೆಗೆಯಿರಿ, ನಾವೂ ಜೊತೆಗೆ ನಿಂತಿರುತ್ತೇವೆ ಅಂತ ಗ್ರಾಮಸಭೆಯಲ್ಲಿ ಕೇಳು. ಏನಂದರು ಅಂತ ಬರಿ.

ನಿನ್ನ,
ಗಣೇಶ