ಅಪ್ಪಯ್ಯನಿಗೆ, ಅಜ್ಜನ ಸ್ಪೀಕರ್ ವಿಚಾರ

ಐಂಡ್‌ಹೋವನ್, ನೆದರ್ಲೆಂಡ್ಸ್

ತೀರ್ಥರೂಪ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಆಯಿಯ ಮೊಣಕಾಲು ನೋವು ಹೇಗಿದೆ, ತಿಳಿಸಿ.

ಅಜ್ಜನ ಸ್ಪೀಕರ್‌ಗಳಿಗೆ ನಿನ್ನೆ ರಾತ್ರಿ ದನಿ ಬಂತು. ಎರಡಕ್ಕೂ! ಕಳೆದ ಸಲ ಶಿರಸಿಯಿಂದ ಹೊರಡುವಾಗ ಪೆಟ್ಟಿಗೆಗಳನ್ನು ಜಗಲಿಯಲ್ಲೇ ಬಿಟ್ಟು, ಒಳಗಿನ 8 ಇಂಚಿನ ಸ್ಪೀಕರ್‌ಗಳನ್ನಷ್ಟೇ ಬಿಚ್ಚಿ ಆಯಿಯ ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದೆನಲ್ಲ. ಪೇಟೆಯ ರಿಪೇರಿಯವರು "ಇದು ಮುಗಿಯಿತು, ಹೊಸದು ಹಾಕಿಸಿ" ಎಂದದ್ದು ನನಗೆ ಇನ್ನೂ ಬೇಸರವೇ. ಮುಗಿದದ್ದು ಕೋನಿನ, ಅಂದರೆ ಅದುರಿ ದನಿ ಹೊರಡಿಸುವ ಕಾಗದದ ಬಟ್ಟಲಿನ, ಅಂಚಿನ ಫೋಮ್ ಮಾತ್ರ. ಅದು ಗಾಳಿಯ ತೇವ ಹೀರಿ ತಾನಾಗಿಯೇ ಕೊಳೆಯುತ್ತದೆ, ಬಳಸದೆ ಮುಚ್ಚಿಟ್ಟರೂ ಬಿಡುವುದಿಲ್ಲ. ನಮ್ಮ ಮಳೆಗಾಲದಲ್ಲಂತೂ ಕೇಳಬೇಕೇ? ಮುಟ್ಟಿದರೆ ಕರಗಿದ ಬೆಲ್ಲದ ಹಾಗೆ ಬೆರಳಿಗೆ ಅಂಟುತ್ತಿತ್ತು. ಕಾಗದದ ಕೋನ್ ಗಟ್ಟಿಯಾಗಿದೆ. ಮಲ್ಟಿಮೀಟರ್ ಹಿಡಿದರೆ ಒಂದು 6.1, ಇನ್ನೊಂದು 6 ಓಮ್ ತೋರಿಸಿತು. 8 ಓಮಿನ ಸ್ಪೀಕರ್‌ಗೆ ಮೀಟರಿನಲ್ಲಿ ಸ್ವಲ್ಪ ಕಡಿಮೆ, ಅಷ್ಟೇ ಬರಬೇಕು. ಕೋನಿನ ಹಿಂದಿನ ತಂತಿಯ ಸುರುಳಿ, ಕಾಯಿಲ್, ಸುಟ್ಟಿಲ್ಲ.

ಹಿಂಬದಿ ಒರೆಸುವಾಗ ಚೌಕಟ್ಟಿನ ಸಂದಿಯಲ್ಲಿ ಕುಂಬಾರ ಹುಳುವಿನ ಗೂಡು ಸಿಕ್ಕಿತು. ಹೆಬ್ಬೆರಳಿನಷ್ಟು, ನಮ್ಮ ತೋಟದ ಕೆಂಪು ಮಣ್ಣಿನದು. ಪೆಟ್ಟಿಗೆಯ ಮುಂದಿನ ದುಂಡು ತೂತಿನಿಂದ ಒಳಗೆ ಹೋಗಿ ಕಟ್ಟಿರಬೇಕು. ಎಸೆಯಲು ಮನಸ್ಸಾಗಲಿಲ್ಲ, ಕಿಟಕಿಯ ಮೇಲಿಟ್ಟಿದ್ದೇನೆ.

ಹಳೆಯ ಅಂಟನ್ನು ಸ್ಪಿರಿಟ್‌ನಲ್ಲಿ ನೆನೆಸಿ ಕೆರೆಯುವುದಕ್ಕೇ ಎರಡು ಸಂಜೆ ಹಿಡಿಯಿತು. ಆಮೇಲಿನದು ನಾಜೂಕಿನ ಕೆಲಸ. ನಡುವಿನ ಟೊಪ್ಪಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಕಾಯಿಲ್ ಮತ್ತು ಅಯಸ್ಕಾಂತದ ನಡುವಿನ ಕೂದಲೆಳೆಯಂಥ ಸಂದಿಗೆ ಹಳೆಯ ಎಕ್ಸ್‌ರೇ ಫಿಲ್ಮಿನ ಸಣ್ಣ ಪಟ್ಟಿಗಳನ್ನು ಸುತ್ತಲೂ ಸಿಕ್ಕಿಸಿ, ಅಂಟು ಒಣಗುವ ತನಕ ಹಾಗೆಯೇ ಬಿಟ್ಟೆ. ಕಾಯಿಲ್ ಒಂದಿಷ್ಟು ಓರೆಯಾದರೂ ಉಜ್ಜಿ ಗರಗರ ಎನ್ನುತ್ತದೆ. ರಬ್ಬರ್ ಅಂಚು ಹಾಕಿದರೆ ಬಹುಕಾಲ ಬಾಳುತ್ತದೆ, ನಿಜ. ಆದರೆ ಈ ಹಗುರ ಕೋನಿಗೆ ಅದು ಭಾರ, ದನಿಯೇ ಬದಲಾಗುತ್ತದೆ. ಫೋಮ್ ಅನ್ನೇ ಹಾಕಿದೆ. ಇನ್ನು 15 ವರ್ಷಕ್ಕೆ ಕೊಳೆತರೆ ಮತ್ತೆ ಬದಲಿಸುತ್ತೇನೆ.

ಪೆಟ್ಟಿಗೆಯಿಲ್ಲದಿದ್ದರೆ ಕೋನಿನ ಮುಂದಿನ ದನಿಯನ್ನು ಹಿಂದಿನ ದನಿ ಹೊಡೆದುಹಾಕುತ್ತದೆ, ಮಂದ್ರ ನಿಲ್ಲುವುದಿಲ್ಲ. ಹಾಗಾಗಿ ದೊಡ್ಡ ಪ್ಲೈವುಡ್ ಹಲಗೆಗೆ ಕೂರಿಸಿ, ಅಜ್ಜ ನಮ್ಮ ಜಗಲಿಯಲ್ಲೇ ಕ್ಯಾಸೆಟ್ಟಿಗೆ ಹಿಡಿದಿದ್ದ ತಾಳಮದ್ದಲೆಯನ್ನು ಹಾಕಿದೆ. ತಮ್ಮ ನನ್ನ ಮೊಬೈಲಿಗೆ ಕಳಿಸಿದ್ದನಲ್ಲ, ಅದೇ. ಮದ್ದಲೆಯ ಪೆಟ್ಟು ಎದೆಗೆ ಬಂದು ತಾಗಿತು. ಭಾಗವತರು ಪದ ನಿಲ್ಲಿಸಿದ ಕೂಡಲೇ ಯಾರೋ ಕವಳದ ತಟ್ಟೆಯನ್ನು ನೆಲದ ಮೇಲೆ ಸರಿಸಿದ ಸದ್ದು, ಹಿಂದೆಯೇ ಅಜ್ಜನ ಕೆಮ್ಮು. ಮೊಬೈಲಿನಲ್ಲಿ ಎಷ್ಟು ಸಲ ಕೇಳಿದ್ದೇನೆ, ಅದು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. ಅಲ್ಲಿಗೇ ಹಿಂದೆ ಹೋಗಿ ಮೂರು ಸಲ ಕೇಳಿದೆ ಅಪ್ಪಯ್ಯ.

ತಮ್ಮನಿಗೆ ಒಂದು ಕೆಲಸ ಹೇಳಿ. ಪೆಟ್ಟಿಗೆಯೊಳಗೆ ತೆಳು ದನಿಯ ಸಣ್ಣ ಸ್ಪೀಕರ್‌ಗೆ, ಟ್ವೀಟರ್‌ಗೆ, ಹೋಗುವ ತಂತಿಯಲ್ಲಿ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ. ಇಷ್ಟು ವರ್ಷಕ್ಕೆ ಅದರ ಒಳಗಿನ ರಸ ಒಣಗಿರುತ್ತದೆ, ತಾಳದ ಸದ್ದು ಮಂಕಾಗಿದ್ದಕ್ಕೆ ಅದೂ ಒಂದು ಕಾರಣವಿರಬಹುದು. ಅಷ್ಟೇ ಮೌಲ್ಯದ ಫಿಲ್ಮ್ ಕೆಪಾಸಿಟರ್ ಹಾಕಲಿ. ಪ್ಲಸ್, ಮೈನಸ್ ಗುರುತಿರುವುದು ಬೇಡ.

ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು ಹಲಗೆಯ ಮೇಲಿಡಿ, ಒರಲೆ ಹತ್ತಿದರೆ ನಾನು ಮಾಡಿದ್ದೆಲ್ಲ ವ್ಯರ್ಥ. ದೀಪಾವಳಿಗೆ ಬಂದು ನಾನೇ ಕೂರಿಸುತ್ತೇನೆ. ಅಲ್ಲಿಯವರೆಗೆ ತೂತುಗಳಿಗೆಲ್ಲ ಬಟ್ಟೆ ಬಿಗಿದಿಡಿ, ಕುಂಬಾರ ಹುಳು ಮತ್ತೆ ಮನೆ ಕಟ್ಟೀತು.

ಇಂತಿ,
ನಿಮ್ಮ ಮಗ