ತುಳು ಮಾತಾಡಿದ್ದಕ್ಕೆ ನಿನ್ನ ಹೆಸರು ಬರೆದವ ನಾನೇ

ಮಾರಾಯ,

ಮೊನ್ನೆ ರಾತ್ರಿ ನೀನು ದುಬೈಯಿಂದ ಕಳಿಸಿದ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಇನ್ನು ನೂರು ವರ್ಷಕ್ಕೆ ಇಂಗ್ಲಿಷ್ ಒಂದೇ ಉಳಿಯುದು, ಬಾಕಿ ಭಾಷೆಯೆಲ್ಲ ಮ್ಯೂಸಿಯಂ ಸೇರ್ತದೆ, ಹಾಗಾಗಿ ಮಗಳಿಗೆ ಇಂಗ್ಲಿಷ್ ಗಟ್ಟಿ ಆದ್ರೆ ಸಾಕು, ತುಳು ಕನ್ನಡ ಅಂತ ತಲೆಬಿಸಿ ಮಾಡ್ಲಿಕ್ಕೆ ಪುರ್ಸೊತ್ತಿಲ್ಲ ಅಂದಿ. ಫೋನಲ್ಲಿ ಹೇಳಿದ್ರೆ ಜಗಳ ಆದೀತು ಅಂತ ಬರೀಲಿಕ್ಕೆ ಕೂತೆ. ನಾವಿಬ್ರು ಹುಟ್ಟಿದಾಗಿಂದ ಮಾತಾಡಿದ್ದು ತುಳುವಲ್ಲೇ, ಆದ್ರೆ ಬರೀಲಿಕ್ಕೆ ಹೊರಟ ಕೂಡ್ಲೆ ಕೈ ಕನ್ನಡಕ್ಕೆ ಹೋಗ್ತದೆ ನೋಡು, ತುಳುವಲ್ಲಿ ಒಂದು ಪತ್ರ ನಾನು ಈವರೆಗೆ ಬರ್ದದ್ದೇ ಇಲ್ಲ.

ಮೊದಲು ನಿನ್ನ ನೂರು ವರ್ಷದ ಲೆಕ್ಕ. ಕಂಪನಿ ಸರ್ಕಾರದ ಕಾಲದಲ್ಲಿ 1837ರವರೆಗೆ ಉತ್ತರದ ಕೋರ್ಟು ಕಚೇರಿಯಲ್ಲೆಲ್ಲ ನಡೀತಿದ್ದದ್ದು ಪಾರ್ಸಿ, ಅಂದ್ರೆ ಪರ್ಷಿಯನ್ ಭಾಷೆ. ಅದು ಬಾರದವನಿಗೆ ಸರ್ಕಾರಿ ಕೆಲಸ ಸಿಗುದು ಕಷ್ಟ, ಆಗಿನ ಅಪ್ಪಂದಿರು ಸಹ ಮಗನಿಗೆ ಪಾರ್ಸಿ ಒಂದು ಬಂದ್ರೆ ಬದುಕಿಯಾನು ಅಂತಲೇ ಹೇಳಿರ್ಬೇಕು. ಇವತ್ತು ನಮ್ಮ ಊರಲ್ಲಿ ಪಾರ್ಸಿ ಬರುವವರು ಯಾರಿದ್ದಾರೆ? ತಹಶೀಲ್ದಾರ, ವಕೀಲ, ಅರ್ಜಿ, ಜಮೀನು ಅಂತ ಒಂದಿಷ್ಟು ಶಬ್ದ ಕಚೇರಿ ಕಾಗದದಲ್ಲಿ ಉಳಿದಿದೆ, ಅಷ್ಟೇ. ಇಂಗ್ಲಿಷಿನ ಕತೆ ಇನ್ನೂ ವಿಚಿತ್ರ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನರು ಇಂಗ್ಲೆಂಡ್ ಗೆದ್ದ ಮೇಲೆ ಹತ್ತತ್ರ ಮುನ್ನೂರು ವರ್ಷ ಅಲ್ಲಿನ ಅರಮನೆಯಲ್ಲಿ, ಕೋರ್ಟಲ್ಲಿ ಫ್ರೆಂಚೇ ದೊಡ್ಡ ಭಾಷೆ, ಇಂಗ್ಲಿಷ್ ಅಂದ್ರೆ ಗದ್ದೆ ಕೆಲಸದವರ ಮಾತು. 1362ರಲ್ಲಿ ಕೋರ್ಟಿನ ವಾದ ಇಂಗ್ಲಿಷಲ್ಲಿ ನಡೀಬೇಕು ಅಂತ ಕಾನೂನು ಮಾಡಿದ್ರು, ಆ ಕಾನೂನನ್ನೇ ಬರ್ದದ್ದು ಫ್ರೆಂಚಲ್ಲಿ! ಮುನ್ನೂರು ವರ್ಷ ಆ ಭಾಷೆ ಉಳಿದದ್ದು ಹೇಗೆ ಹೇಳು, ಮನೆಯಲ್ಲಿ ಹೆಂಗಸರು ಮಕ್ಕಳಿಗೆ ಊಟ ಹಾಕುವಾಗ, ಬಯ್ಯುವಾಗ ಅದರಲ್ಲೇ ಮಾತಾಡಿದ್ರು, ಹಾಗೆ ಉಳೀತು.

ಇಂಗ್ಲಿಷ್ ನಮ್ಮ ಕಾಲಕ್ಕೆ ಹೋಗುವಂಥದ್ದಲ್ಲ, ಅದು ನನಗೂ ಗೊತ್ತುಂಟು. ನನ್ನ ಮಗನೂ ಇಂಗ್ಲಿಷ್ ಮೀಡಿಯಂಗೇ ಹೋಗುದು, ನಿನ್ನ ಮಗಳು ಚೆಂದ ಮಾಡಿ ಇಂಗ್ಲಿಷ್ ಕಲೀಲಿ. ಆದ್ರೆ 2011ರ ಜನಗಣತಿ ನೋಡಿದ್ರೆ ನಮ್ಮ ದೇಶದಲ್ಲಿ ಇಂಗ್ಲಿಷನ್ನು ಮಾತೃಭಾಷೆ ಅಂತ ಬರೆಸಿದವರು ಎರಡೂವರೆ ಲಕ್ಷದ ಚಿಲ್ಲರೆ, ತುಳು ಅಂತ ಬರೆಸಿದವರು 18 ಲಕ್ಷ 46 ಸಾವಿರ. ಲೆಕ್ಕದಲ್ಲಿ ಏಳು ಪಟ್ಟು ನಾವೇ ಇದ್ದೇವೆ, ಆದ್ರೂ ಯುನೆಸ್ಕೋ ಮಾಡಿದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ತುಳು ಉಂಟು, ನಮ್ಮ ಕರಾವಳಿಯ ಆದಿವಾಸಿ ಕೊರಗರ ಭಾಷೆಯೂ ಉಂಟು.

ಈಗ ಹೇಳ್ಲಿಕ್ಕೆ ಕಷ್ಟ ಆಗುವ ವಿಷಯಕ್ಕೆ ಬರ್ತೇನೆ. ಆರನೇ ಕ್ಲಾಸಲ್ಲಿ ನಾನು ಲೀಡರ್ ಇದ್ದದ್ದು ನೆನಪುಂಟಾ? ಶಾಲೆಯೊಳಗೆ ತುಳು ಮಾತಾಡಿದವರ ಹೆಸರು ಚೀಟಿಯಲ್ಲಿ ಬರೆದು ಮಾಷ್ಟ್ರಿಗೆ ಕೊಡ್ಬೇಕಿತ್ತು, ಒಂದು ಸಲಕ್ಕೆ ನಾಲ್ಕಾಣೆ ಫೈನ್. ನೀನು ಕಬಡ್ಡಿಯಲ್ಲಿ ಬಿದ್ದು ಮೊಣಕಾಲು ಕೆತ್ತಿ ಹೋಗಿ "ಅಪ್ಪೇ" ಅಂತ ಕೂಗಿದಿ. ಅಪ್ಪೆ ಅಂದ್ರೆ ಅಮ್ಮ, ಅಷ್ಟೇ. ನಾನು ನಿನ್ನ ಹೆಸರು ಬರ್ದೆ. ಅದು ಇಂಗ್ಲಿಷ್ ಶಾಲೆ ಅಲ್ಲ ಮಾರಾಯ, ಕನ್ನಡ ಮೀಡಿಯಂ. ನಲ್ವತ್ತು ದಾಟಿದ ಮೇಲೆ ಈಗ ನನಗೆ ಅದು ಕುತ್ತಿಗೆಯಲ್ಲಿ ಸಿಕ್ಕಿಹಾಕಿಕೊಂಡ ಮುಳ್ಳಿನ ಹಾಗೆ ಆಗಿದೆ.

ಇಂಗ್ಲಿಷ್ ಬಂದು ಕನ್ನಡವನ್ನು ನುಂಗ್ತದೆ ಅಂತ ನಾವು ಬೊಬ್ಬೆ ಹಾಕ್ತೇವೆ, ಹಾಕ್ಬೇಕಾದ್ದೇ, ಆದ್ರೆ ಶಾಲೆಯಲ್ಲಿ ಕನ್ನಡ ತುಳುವಿಗೆ ಮಾಡಿದ್ದು ಎಂತದು? ನಾವು ತುಳುವಿನವರು ಕೊರಗರ ಭಾಷೆಗೆ ಮಾಡಿದ್ದು ಎಂತದು? ಅವರನ್ನು ಮನುಷ್ಯರಾಗಿಯೇ ನೋಡದ ಅಜಲು ಪದ್ಧತಿಯನ್ನು ನಿಲ್ಲಿಸ್ಲಿಕ್ಕೆ 2000ನೇ ಇಸವಿಯಲ್ಲಿ ಸರ್ಕಾರ ಕಾನೂನು ತರ್ಬೇಕಾಯ್ತು. ಹಾಗೆ ನಾಚಿಕೆ ಪಡಿಸಿದ ಮೇಲೆ ಅವರು ಪೇಟೆಯಲ್ಲಿ, ಬಸ್ಸಲ್ಲಿ ತಮ್ಮ ಭಾಷೆಯಲ್ಲಿ ದೊಡ್ಡ ಸ್ವರದಲ್ಲಿ ಮಾತಾಡುದು ಹೇಗೆ? ನನ್ನ ಕಿವಿಗೆ ಆ ಭಾಷೆ ಒಂದು ವಾಕ್ಯ ಸಹ ಬಿದ್ದದ್ದಿಲ್ಲ, ಇದೇ ಉಡುಪಿಯಲ್ಲಿ ಹುಟ್ಟಿ ಬೆಳೆದವ ನಾನು.

ಅಂಡಮಾನಿನಲ್ಲಿ ಬೋವಾ ಸೀನಿಯರ್ ಅಂತ ಒಬ್ರು ಅಜ್ಜಿ ಇದ್ರು, 2010ರ ಜನವರಿಯಲ್ಲಿ ತೀರಿಕೊಂಡ್ರು, ಬೋ ಭಾಷೆ ಗೊತ್ತಿದ್ದ ಕೊನೆಯವರು. ಭಾಷಾ ವಿಜ್ಞಾನಿ ಅನ್ವಿತಾ ಅಬ್ಬಿ ಆ ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಿಟ್ಟಿದ್ದಾರೆ. ಬ್ರಿಟಿಷರು 1858ರಲ್ಲಿ ಅಲ್ಲಿ ಕೈದಿಗಳ ವಸಾಹತು ಮಾಡಿದ ಮೇಲೆ ಬಂದ ಕಾಯಿಲೆಗಳಲ್ಲೇ ಅಜ್ಜಿಯ ಜನ ಬಹುಪಾಲು ಮುಗಿದ್ರು, ಉಳಿದವರು ಬೇರೆಯವರ ಜೊತೆ ಬದುಕ್ಲಿಕ್ಕೆ ಹಿಂದಿ ಹಿಡಿದ್ರು. ಆ ಅಜ್ಜಿಗೆ ಸುಮಾರು ವರ್ಷ ತನ್ನ ಮಾತಲ್ಲಿ ಉತ್ತರ ಕೊಡುವವರೇ ಇರ್ಲಿಲ್ಲ. ಅದನ್ನು ಓದಿದ ದಿನ ನನಗೆ ನಿನ್ನ ಅಮ್ಮನ ನೆನಪಾಯ್ತು.

ಹೋದ ಮೇ ತಿಂಗಳು ನೀವೆಲ್ಲ ಬಂದಿದ್ದಾಗ ನಾನು ನೋಡಿದ್ದೇನೆ. ಮೊಮ್ಮಗಳ ಹತ್ರ ಮಾತಾಡ್ಲಿಕ್ಕೆ ಅಂತ ಅವರು ಎಪ್ಪತ್ತರ ಮೇಲೆ ಕಮ್, ಈಟ್, ಸ್ಲೀಪ್ ಅಂತ ನಾಲ್ಕು ಶಬ್ದ ಕಲ್ತು ಇಟ್ಟಿದ್ರು. ಈ ಊರಿನ ಬೇಸಾಯ ಪೂರ ಬಾಯಿಯಲ್ಲಿ ಇರುವ ಹೆಂಗಸು, ನಾಟಿ ಗದ್ದೆಯಲ್ಲಿ ಪಾಡ್ದನದ ಕತೆ ಹಾಡು ಹೇಳ್ತಿದ್ದವರು, ಬಟ್ಟಲು ಹಿಡ್ಕೊಂಡು ಈಟ್ ಈಟ್ ಅಂತ ಮಗುವಿನ ಹಿಂದೆ ಹೋಗ್ತಿದ್ರು. ಮಗು ಪಾಪದ್ದು, ನಗ್ತಿತ್ತು, ಅದರದ್ದು ಎಂತ ತಪ್ಪುಂಟು.

ಆಚೆ ವಾರ ನನ್ನ ಮಗ ನಮ್ಮ ಉಡುಪಿಯ ಕುಂಜಿಬೆಟ್ಟು ಅಂದ್ರೆ ಬೆಟ್ಟವಾ ಅಂತ ಕೇಳಿದ. ನಾನು ಕೂತು ಹೇಳಿದೆ, ಬೆಟ್ಟು ಅಂದ್ರೆ ಎತ್ತರದ ಗದ್ದೆ, ಮಳೆ ನೀರು ನಂಬಿ ಏಣೆಲ್ ಒಂದು ಬೆಳೆ ಮಾತ್ರ ಬರುದು. ಅದರ ಕೆಳಗೆ ಮಜಲು, ಅಲ್ಲಿ ಏಣೆಲ್ ಮತ್ತೆ ಸುಗ್ಗಿ. ತೀರ ತಗ್ಗಿನಲ್ಲಿ ನೀರು ನಿಲ್ಲುದು ಬೈಲು, ಅಲ್ಲಿ ಕೊಳಕೆ ಸೇರಿ ಮೂರು ಬೆಳೆ. ಮಂಗಳೂರಿನ ಕೊಡಿಯಾಲ್‌ಬೈಲು ಇವತ್ತು ಪೂರ್ತಿ ಕಾಂಕ್ರೀಟ್, ಆದ್ರೂ ಮಳೆಗಾಲದಲ್ಲಿ ನೀರು ಎಲ್ಲಿಗೆ ಹರಿಯುದು ಅಂತ ಆ ಹೆಸರೇ ಹೇಳ್ತದೆ. ಇಷ್ಟನ್ನು ನನಗೆ ಹೇಳಿದ್ದು ಪುಸ್ತಕ ಅಲ್ಲ, ನಿನ್ನ ಅಮ್ಮ. ಅವರನ್ನು ಕೇಳದಿದ್ರೆ ನಾನೂ ಅದನ್ನು ಬೆಟ್ಟ ಅಂತಲೇ ಹೇಳ್ತಿದ್ದೆನೋ ಏನೋ.

ಮೊಬೈಲ್ ಉಂಟಲ್ಲ ಅಂತ ನೀನು ಹೇಳ್ಬಹುದು. ಹೌದು, 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಬಂತು, ಅದೇ ವರ್ಷ ತುಳು ಲಿಪಿಗೆ ಯೂನಿಕೋಡಲ್ಲಿ ಜಾಗ ಸಿಕ್ಕಿತು, ನನಗೆ ಅವತ್ತು ಕಣ್ಣಲ್ಲಿ ನೀರು ಬಂತು. ನಿಘಂಟಿಗೂ ಕೊರತೆ ಇಲ್ಲ, ಬಾಸೆಲ್ ಮಿಷನಿನ ಪಾದ್ರಿ ಮ್ಯಾನರ್ 1886ರಲ್ಲೇ ಮಾಡಿದ್ದಾರೆ, ಮತ್ತೆ ನಮ್ಮ ಉಡುಪಿಯಲ್ಲೇ ಯು. ಪಿ. ಉಪಾಧ್ಯಾಯರು ಆರು ಸಂಪುಟ ಮಾಡಿ ಮುಗಿಸಿದ್ರು, ಎಂಥ ಕೆಲಸ ಅದು. ಆದ್ರೆ ಮಗು ನಿದ್ದೆ ಬಾರದೆ ಅಳುವಾಗ ಆ ಆರು ಸಂಪುಟ ಎದ್ದು ಬಂದು ಬೆನ್ನು ತಟ್ಟುದಿಲ್ಲ, ನೀನೇ ತಟ್ಟಬೇಕು, ನಿನ್ನ ಬಾಯಿಯಿಂದಲೇ ಬರ್ಬೇಕು.

ಐತಾರ ಸಂಜೆ ನಿನ್ನ ಅಮ್ಮನಲ್ಲಿಗೆ ಹೋಗ್ಲಿಕ್ಕುಂಟು, ಅಲ್ಲಿಂದ ವಿಡಿಯೋ ಕಾಲ್ ಮಾಡ್ತೇನೆ. ಅವರು ಮೊದಲು ಕೇಳುದು "ಒಣಸ್ ಆಂಡಾ" ಅಂತಲೇ, ಅದು ನಿನಗೂ ಗೊತ್ತುಂಟು. ಊಟ ಆಯ್ತು ಅನ್ಲಿಕ್ಕೆ "ಆಂಡ್" ಅಂತ ಒಂದು ಶಬ್ದ ಸಾಕು, ಮಗಳಿಗೆ ಇವತ್ತೇ ಹೇಳಿಕೊಡು. ಮತ್ತೆ ಆ ನಾಲ್ಕಾಣೆ ನಾನು ನಿನಗೆ ಕೊಡ್ಲಿಕ್ಕುಂಟು.

ನಿನ್ನವ